ಹನ್ನೊಂದನೆಯ ಕಾರಣ

ಫ್ರಿಜ್ಜಿನ ಬಾಗಿಲನ್ನು ಕೆಲಸದಾಕೆ ಸರಿಯಾಗಿ ಮುಚ್ಚುತ್ತಿರಲಿಲ್ಲ ಎಂದು ಅವನು ಚೀಟಿಯಲ್ಲಿ ಬರೆದ. ಮಾರನೆಯ ದಿನ ಅವಳ ಕೆಲಸ ಹೋಯಿತು.

ಅದಾಗಿ ಹತ್ತೊಂಬತ್ತು ದಿನ. ಈಗ ಮತ್ತೆ ಅದೇ ಅಡುಗೆಮನೆಯಲ್ಲಿ, ಅದೇ ಫ್ರಿಜ್ಜಿನ ಎದುರು, ಬಲಗಾಲಿನ ಕಾಲುಚೀಲದ ತೂತಿನಿಂದ ಇಣುಕುತ್ತಿದ್ದ ಹೆಬ್ಬೆರಳನ್ನು ಎಡಗಾಲಿನಿಂದ ಮುಚ್ಚಿಕೊಂಡು ಮೆಕ್ಯಾನಿಕ್ ನಿಂತಿದ್ದ. ಮನೆಯಾಕೆ ಹೇಳುತ್ತಿದ್ದುದು ಅವನ ಕಿವಿಗೆ ಬೀಳುತ್ತಿತ್ತು, ಆದರೆ ಒಳಗೆ ಇಳಿಯುತ್ತಿರಲಿಲ್ಲ. ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡು, ಅದರ ಕೈಯಿಂದ ತನ್ನ ಕೂದಲನ್ನು ಬಿಡಿಸಿಕೊಳ್ಳುತ್ತಾ ಆಕೆ ಹೇಳುತ್ತಿದ್ದಳು, "ಮೇಲೆ ಐಸ್ ಕಲ್ಲಿನ ಥರ ಆಗುತ್ತೆ, ಕೆಳಗಿಟ್ಟಿದ್ದೆಲ್ಲ ಬೆಚ್ಚಗೆ. ಬೆಣ್ಣೆ ಅಂತೂ ಮೆತ್ತಗಾಗಿ ಡಬ್ಬಿಗೆ ಅಂಟಿಕೊಳ್ಳುತ್ತೆ. ನೀವು ಬಂದು ಹೋದ ಮೇಲೆ ಸರಿ ಹೋಯ್ತು ಅಂದ್ಕೊಂಡೆ. ಎಲ್ಲಿ ಸರಿ ಹೋಗಿತ್ತು? ಅವಳನ್ನ ಕಳಿಸಿದ್ದೂ ಆಯ್ತು. ಈಗ ಈ ಮನೇಲಿ ಬಾಗಿಲು ತೆಗೆಯೋದು ಹಾಕೋದು ನಾನೊಬ್ಬಳೇ ಕಣ್ರೀ. ಹಾಕಿದ ಮೇಲೆ ಒಂದ್ಸಲ ತಳ್ಳಿ ಬೇರೆ ನೋಡ್ತೀನಿ. ಆದ್ರೂ ತಂಪಾಗ್ತಿಲ್ಲ ಅಂದ್ರೆ ಏನರ್ಥ?" ಏನರ್ಥ ಎಂಬುದು ಅವಳ ಬಾಯಿಂದ ಸುಮ್ಮನೆ ಬಂದ ಮಾತು. ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡಂತಿರಲಿಲ್ಲ. ಅವನಿಗೆ ಮಾತ್ರ ಆ ಒಂದು ಮಾತು ಒಳಗೆ ಇಳಿಯಿತು. "ನೋಡ್ತೀನಿ ಮೇಡಂ" ಎಂದ. ನೋಡಬೇಕಾದದ್ದು ಎಲ್ಲಿದೆ ಎಂದು ಗೊತ್ತಿಲ್ಲದವನು ಹೇಳುವ ಹಾಗೆ ಎಂದ.

ಬರುವಾಗ ಮೆಟ್ಟಿಲ ಮೇಲೆ ಆ ಕೆಲಸದಾಕೆ ಕಂಡಿದ್ದಳು. ಲಿಫ್ಟ್ ನಿವಾಸಿಗಳಿಗೆ ಮಾತ್ರ ಎಂದು ಕಾವಲಿನವನು ಕೈ ಅಡ್ಡ ಹಿಡಿದಿದ್ದರಿಂದ, ಹೆಗಲಿಗೆ ಚೀಲ ಹಾಕಿಕೊಂಡು ನಾಲ್ಕು ಅಂತಸ್ತು ಹತ್ತುತ್ತಿದ್ದ. ಎರಡನೆಯ ಅಂತಸ್ತಿನ ತಿರುವಿನಲ್ಲಿ ಬಗ್ಗಿ ಮೆಟ್ಟಿಲು ಒರೆಸುತ್ತಿದ್ದ ಹೆಂಗಸು ಬಕೆಟ್ಟನ್ನು ಪಕ್ಕಕ್ಕೆ ಎಳೆದುಕೊಂಡು ದಾರಿ ಬಿಟ್ಟಳು. ಒದ್ದೆ ಮೆಟ್ಟಿಲ ಮೇಲೆ ತನ್ನ ಬೂಟಿನ ಗುರುತು ಮೂಡದಿರಲೆಂದು ಅವನು ತುದಿಗಾಲಲ್ಲಿ ದಾಟಿದ. ದಾಟಿ ನಾಲ್ಕು ಮೆಟ್ಟಿಲು ಏರಿದ ಮೇಲೆಯೇ ಇವಳು ಅವಳೇ ಎಂದು ಹೊಳೆದದ್ದು. ತಿರುಗಿ ನೋಡಿದರೆ ಅವಳೂ ಇವನನ್ನೇ ನೋಡುತ್ತಿದ್ದಳು. ಗುರುತು ಸಿಕ್ಕಿತೋ, ಅಥವಾ ಗುರುತು ಬಿದ್ದ ಮೆಟ್ಟಿಲನ್ನು ಮತ್ತೆ ಒರೆಸಬೇಕಲ್ಲ ಎಂದು ನೋಡಿದಳೋ. ಅವನು ತಲೆ ತಗ್ಗಿಸಿ ಹತ್ತಿದ್ದ. ಒಂದು ಮನೆಯ ಕೆಲಸ ಹೋದರೆ ಇನ್ನೊಂದು ಸಿಕ್ಕಿದೆಯಲ್ಲ ಎಂದು ಮೂರನೆಯ ಅಂತಸ್ತಿನವರೆಗೂ ಸಮಾಧಾನ ಮಾಡಿಕೊಂಡ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ, ಮಗುವನ್ನು ಎತ್ತಿ ಆಡಿಸುತ್ತಿದ್ದ ಕೈಗೆ ಈಗ ಒರೆಸುವ ಬಟ್ಟೆ ಬಂದದ್ದು ನೆನಪಾಗಿ ಆ ಸಮಾಧಾನವೂ ಉಸಿರಿನ ಜೊತೆ ಹೋಯಿತು.

ಈ ಸಲ ಒಂದನ್ನೂ ಬಿಡಬಾರದು. ಗೋಡೆಗೂ ಫ್ರಿಜ್ಜಿಗೂ ನಡುವೆ ಅಂತರ ಸಾಕಷ್ಟಿದೆಯೇ ಎಂದು ಗೇಣು ಹಾಕಿ ನೋಡಿದ. ಇತ್ತು. ಹಿಂಬದಿಯ ಕೊಳವೆಗಳ ಮೇಲಿನ ದೂಳನ್ನು ಬ್ರಷ್ಷಿನಿಂದ ತೆಗೆದ. ಹೇಳಿಕೊಳ್ಳುವಂಥ ದೂಳೇ ಇರಲಿಲ್ಲ. ಕಂಪ್ರೆಸರ್ ಮೇಲೆ ಅಂಗೈ ಇಟ್ಟ. ಬಿಸಿಯಾಗಿ, ಜ್ವರದ ಮೈಯಂತೆ ಸಣ್ಣಗೆ ನಡುಗುತ್ತಿತ್ತು. ಚೀಟಿ ಪುಸ್ತಕದ ಹಾಳೆಯೊಂದನ್ನು ಹರಿದು, ಬಾಗಿಲಿನ ರಬ್ಬರಿಗೆ ಸಿಕ್ಕಿಸಿ, ಬಾಗಿಲು ಹಾಕಿ ಎಳೆದ. ರಬ್ಬರು ಸಡಿಲವಾಗಿದ್ದರೆ ಹಾಳೆ ಸರ್ರನೆ ಈಚೆ ಬರಬೇಕು. ಬರಲಿಲ್ಲ. ಮೇಲೆ, ಕೆಳಗೆ, ಪಕ್ಕದಲ್ಲಿ, ಎಂಟು ಕಡೆ ಎಳೆದ. ಎಂಟು ಕಡೆಯೂ ಬಾಗಿಲು ಹಾಳೆಯನ್ನು ಹಲ್ಲು ಕಚ್ಚಿ ಹಿಡಿದುಕೊಂಡಿತು. ಹಾಗಾದರೆ ಈ ಬಾಗಿಲು ಮುಚ್ಚಿಕೊಳ್ಳುತ್ತದೆ. ಅವತ್ತೂ ಮುಚ್ಚಿಕೊಳ್ಳುತ್ತಿತ್ತು. ಅವತ್ತು ಎಳೆದು ನೋಡಿದ್ದೆನೇ? ನೋಡಿದ್ದೆ ಅನಿಸಿತು. ಬೇರೆ ಯಾವುದೋ ಮನೆಯಲ್ಲಿ ನೋಡಿದ್ದನ್ನು ಇಲ್ಲಿಗೆ ಸೇರಿಸಿಕೊಳ್ಳುತ್ತಿದ್ದೇನೆ ಎಂದೂ ಅನಿಸಿತು. ದಿನಕ್ಕೆ ಒಂಬತ್ತು ಮನೆ, ಒಂಬತ್ತು ಬಾಗಿಲು. ಯಾವ ಬಾಗಿಲು ಯಾವ ಮನೆಯದೆಂದು ಬಟ್ಟೆಯಂತೆ ಮಡಚಿ ಇಡಲಾಗುತ್ತದೆಯೇ? ಒಂದು ಲೋಟ ನೀರಿಗೆ ಥರ್ಮಾಮೀಟರ್ ಇಳಿಬಿಟ್ಟು ನಡುವಿನ ಖಾನೆಯಲ್ಲಿಟ್ಟ. "ಒಂದು ಗಂಟೆ ಯಾರೂ ತೆಗೀಬಾರ್ದು ಮೇಡಂ" ಎಂದ. "ತೆಗೆಯೋಕೆ ಇನ್ಯಾರಿದಾರೆ?" ಎಂದು ಆಕೆ ಅಂದು, ಕಾಗದದ ಲೋಟದಲ್ಲಿ ನೀರು ತಂದು ಅವನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು, ಮಗುವನ್ನು ಮಲಗಿಸಲು ಒಳಗೆ ಹೋದಳು.

ಅವನು ಫ್ರಿಜ್ಜಿಗೆ ಎದುರಾಗಿ ನೆಲದ ಮೇಲೆ ಕೂತ. ಪಕ್ಕದ ಮನೆಯಲ್ಲಿ ಯಾರೋ ಗೋಡೆ ಕೊರೆಸುತ್ತಿದ್ದರು, ಡ್ರಿಲ್ಲಿನ ಸದ್ದು ಹಲ್ಲಿನ ಬುಡಕ್ಕೆ ಬರುತ್ತಿತ್ತು. ಬಿಳಿಯ ಬಾಗಿಲ ಮೇಲೆ ಅವನದೇ ನೆರಳು, ಮುಖವಿಲ್ಲದ್ದು. ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದ, ಯಂತ್ರದ ಹತ್ರ ಜಗಳ ಆಡಬೇಡ, ಅದರ ಪಕ್ಕ ಕೂತ್ಕೋ, ತಾನಾಗೇ ಬಾಯಿ ಬಿಡುತ್ತೆ ಎಂದು. ಆ ಕಾಲದಲ್ಲಿ ಒಂದು ಮನೆಗೆ ಅರ್ಧ ದಿನ. ಈಗ ಕಂಪನಿ ಕೊಡುವುದು ಇಪ್ಪತ್ತು ನಿಮಿಷ, ಆಮೇಲೆ ಜೇಬಿನ ಫೋನು ತಾನಾಗಿ ಬಡಿದುಕೊಳ್ಳುತ್ತದೆ. ಹನ್ನೊಂದು ಸಾಹೇಬರ ಕರೆ. ಮೇಲ್ವಿಚಾರಕರಿಗೆ ಹುಡುಗರೆಲ್ಲ ಸೇರಿ ಇಟ್ಟ ಹೆಸರು ಅದು. ಚೀಟಿಯಲ್ಲಿ ಅಚ್ಚಾದ ಕಾರಣಗಳು ಹನ್ನೊಂದು. ಒಂದು, ಗ್ಯಾಸ್ ಸೋರಿಕೆ. ಎರಡು, ಬಿಡಿಭಾಗದ ದೋಷ. ಹೀಗೇ ಇಳಿದು ಕೊನೆಯದು, ಬಳಕೆಯಲ್ಲಿ ತಪ್ಪು. ಕಾರಣ ಸಿಗದಿದ್ದರೆ ಏನು ಬರೆಯಬೇಕು ಎಂದು ಹೊಸಬರು ಕೇಳಿದರೆ ಸಾಹೇಬರು ಹೇಳುವುದು ಒಂದೇ, "ಹನ್ನೊಂದು ಹಾಕಿ ಮುಂದೆ ನಡಿ." ಎಂಥ ಯಂತ್ರ ಕೆಟ್ಟರೂ ಅದರ ಎದುರು ಒಬ್ಬ ಮನುಷ್ಯ ಇದ್ದೇ ಇರುತ್ತಾನಲ್ಲ. ಮನುಷ್ಯ ಇದ್ದ ಮೇಲೆ ತಪ್ಪೂ ಇರುತ್ತದೆ. ಹಾಗೆಂದು ನಗುತ್ತಿದ್ದರು ಸಾಹೇಬರು. ಹುಡುಗರೂ ನಗುತ್ತಿದ್ದರು. ಅವನೂ ನಕ್ಕಿದ್ದ, ಎಲ್ಲರಿಗಿಂತ ಜೋರಾಗಿ ನಕ್ಕದ್ದು ತಾನೇ ಇರಬೇಕು.

ಅವತ್ತು ಈ ಅಡುಗೆಮನೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಇದ್ದವರು ಮೂವರೇ, ಆದರೂ. ಮಗು ಆಸ್ಪತ್ರೆಯಲ್ಲಿತ್ತು. ಆಫೀಸಿಗೆ ಹೋಗುವ ತಾಯಿ ಬೆಳಗ್ಗೆ ಎದೆಹಾಲು ತೆಗೆದು ಬಾಟಲಿಯಲ್ಲಿಟ್ಟು ಹೋಗುತ್ತಿದ್ದಳು, ಮಧ್ಯಾಹ್ನ ಕೆಲಸದಾಕೆ ಅದನ್ನು ಕುಡಿಸುತ್ತಿದ್ದಳು. ತಂಪಿಲ್ಲದೆ ಹಾಲು ಕೆಟ್ಟಿತ್ತು, ಮಗು ಮೂರು ದಿನ ವಾಂತಿ ಭೇದಿ ಮಾಡಿ ಸೋತುಹೋಗಿತ್ತು. ಆಸ್ಪತ್ರೆಯಿಂದ ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದ ಮನೆಯಾಕೆ, ಅಂಗಿಯ ಮುಂಭಾಗ ಹಾಲಿನಿಂದ ತೊಯ್ದದ್ದೂ ಗೊತ್ತಿಲ್ಲದೆ, ಕೂಗುತ್ತಿದ್ದಳು. "ಸೆಖೆ ಅಂತ ಬಾಗಿಲು ತೆಗೆದು ಎದುರಿಗೆ ನಿಂತಿರ್ತಾಳೆ ಕಣ್ರೀ! ನಾನೇ ಕಣ್ಣಾರೆ ನೋಡಿದೀನಿ!" ಸಿಂಕಿನ ಪಕ್ಕ ನಿಂತಿದ್ದವಳು, "ಒಂದೇ ಒಂದು ಸಲ ನಿಂತಿದ್ದೆ ಅಮ್ಮ" ಎಂದಳು. ಅಷ್ಟೇ ಸಾಕಾಯಿತು. ನಿಂತೇ ಇಲ್ಲ ಎಂದಿದ್ದರೆ ಉಳಿಯುತ್ತಿದ್ದಳೋ ಏನೋ. ಒಂದು ಸಲ ಎಂಬ ನಿಜವನ್ನೇ ಹಿಡಿದು ಇಬ್ಬರೂ ಅವನತ್ತ ತಿರುಗಿದ್ದರು, ತಕ್ಕಡಿಯ ಮುಳ್ಳನ್ನು ನೋಡುವ ಹಾಗೆ. ಅವನು ಬಾಗಿಲು ತೆಗೆದ. ದೀಪ ಉರಿಯುತ್ತಿತ್ತು. ಚೀಟಿಯ ಮೇಲೆ 'ದೀಪ ಸರಿಯಿದೆ' ಎಂಬಲ್ಲಿ ಗುರುತು ಹಾಕಿದ. ಒಳಗಿನ ಫ್ಯಾನು ನಿಂತಿತ್ತು. ಬಾಗಿಲು ತೆಗೆದಾಗ ಅದು ನಿಲ್ಲಬೇಕಾದದ್ದೇ, 'ಫ್ಯಾನ್ ಸರಿಯಿದೆ' ಎಂಬಲ್ಲೂ ಹಾಕಿದ. ಜೇಬಿನ ಫೋನು ಬಡಿದುಕೊಂಡಿತು. ಮನೆಯಾಕೆ, "ಬಾಗಿಲದ್ದೇ ಅಲ್ವಾ? ಹೇಳಿ, ಬಾಗಿಲದ್ದೇ ಅಲ್ವಾ?" ಎಂದಳು. ಅವಳ ಅಂಗಿಯ ಆ ಒದ್ದೆಯನ್ನು ನೋಡಲಾರದೆ, ಅದರಿಂದ ಕಣ್ಣು ತಪ್ಪಿಸಿಕೊಳ್ಳಲೆಂದೇ ಚೀಟಿಯ ಮೇಲೆ ಬಗ್ಗಿದ. ಬಗ್ಗಿದ ಮೇಲೆ ಬರೆಯಬೇಕಾಯಿತು. ಹನ್ನೊಂದು ಎಂದು ಬರೆದು ಬಿಟ್ಟಿದ್ದರೂ ಆಗುತ್ತಿತ್ತು. ಕೈ ನಿಲ್ಲಲಿಲ್ಲ. 'ಕೆಲಸದಾಕೆ ಬಾಗಿಲು ಸರಿಯಾಗಿ ಮುಚ್ಚದಿರುವುದು' ಎಂದು ಪೂರ್ತಿ ವಾಕ್ಯ, ಅಕ್ಷರ ದುಂಡಗೆ. ಆ ದುಂಡಗಿನ ಅಕ್ಷರ ಅವನಿಗೆ ಈಗ ನೆನಪಾಗಿ ಕಿವಿ ಬಿಸಿಯಾಯಿತು.

ಅವನು ಇನ್ನೂ ಓದುತ್ತಿದ್ದ ಕಾಲದಲ್ಲಿ ಒಂದು ಸಂಜೆ ಅವನ ಅಕ್ಕ ಊಟದ ಡಬ್ಬಿ ತೊಳೆಯುತ್ತಿದ್ದಳು. ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಗೇಟಿನಲ್ಲಿ ದಿನಾ ಡಬ್ಬಿ ತೆಗೆಸಿ ನೋಡುತ್ತಿದ್ದರು, ಅದು ಎಲ್ಲರಿಗೂ ಅಭ್ಯಾಸ. ಒಂದು ದಿನ ಒಂದು ಪೆಟ್ಟಿಗೆ ಮಾಲು ಕಾಣೆಯಾಯಿತೆಂದು ಅವಳ ಸಾಲಿನ ಹೆಂಗಸರನ್ನು ಮಾತ್ರ ಎರಡು ತಾಸು ನಿಲ್ಲಿಸಿಕೊಂಡು, ಮೈ ಮುಟ್ಟಿ ನೋಡಿ ಕಳಿಸಿದರು. ಏನೂ ಸಿಗಲಿಲ್ಲ. ಮನೆಗೆ ಬಂದು ನಲ್ಲಿಯ ಕೆಳಗೆ ಡಬ್ಬಿ ಹಿಡಿದು ನಿಂತಿದ್ದಳು. ಓದುತ್ತಾ ಕೂತಿದ್ದ ಇವನು, ತಲೆಯನ್ನೂ ಎತ್ತದೆ, "ಏನಾದ್ರೂ ತಗೊಂಡಿದ್ಯಾ?" ಎಂದು ಕೇಳಿದ್ದ. ಯಾಕೆ ಕೇಳಿದೆ? ತಮಾಷೆಗೆ ಇರಬೇಕು. ತಮಾಷೆಗೆ ಅಲ್ಲ. ಡಬ್ಬಿ ತುಂಬಿ ನೀರು ಹೊರಗೆ ಹರಿಯುತ್ತಲೇ ಇತ್ತು. ಮಾರನೆಯ ದಿನದಿಂದ ಅವಳು ಊಟವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗತೊಡಗಿದಳು. ದಾರಿಯಲ್ಲಿ ಹೋಗುವವರಿಗೆಲ್ಲ ಅವಳು ಏನು ತಿನ್ನುತ್ತಾಳೆಂದು ಕಾಣುತ್ತಿತ್ತು. ಮನೆಯಲ್ಲಿ ಯಾರೂ ಯಾಕೆಂದು ಕೇಳಲಿಲ್ಲ. ಈಗಲೂ ಸಿಕ್ಕಿದರೆ ನಗುತ್ತಾಳೆ, ಮಕ್ಕಳ ಸುದ್ದಿ ಹೇಳುತ್ತಾಳೆ. ಒಂದು ದಿನವಾದರೂ, ಅವತ್ತು ಯಾಕೋ ಹಾಗೆ ಕೇಳಿದೆ ಎಂದು ಬೈದಿದ್ದರೆ. ಈಚೆಗೆ ಅವನಿಗೆ ಹೊಸ ಚಾಳಿ ಹತ್ತಿದೆ. ಮನೆಯ ಫ್ರಿಜ್ಜಿನ ಬಾಗಿಲು ಹಾಕಿದ ಮೇಲೆ ಮತ್ತೆ ತೆಗೆದು ನೋಡುವುದು, ಹಾಕುವುದು, ಮತ್ತೆ ತೆಗೆಯುವುದು. ಹೆಂಡತಿ ಮೊನ್ನೆ ಅಂದಳು, "ಒಳಗೆ ಯಾರನ್ನ ಕೂಡಿ ಹಾಕಿದೀರಾ? ಪದೇಪದೇ ಮಾತಾಡಿಸ್ತೀರಲ್ಲ." ಮುಚ್ಚಿದೆಯೋ ಇಲ್ಲವೋ ಎಂದು ತಿಳಿಯಲು ತೆಗೆಯಬೇಕು, ತೆಗೆದರೆ ಅದು ಮುಚ್ಚಿದ ಬಾಗಿಲಲ್ಲ. ಇದನ್ನು ಅವಳಿಗೆ ಹೇಗೆ ವಿವರಿಸುವುದು?

ಒಂದು ಗಂಟೆ ಆಗಿತ್ತು, ನಡುವೆ ಎರಡು ಸಲ ಬಡಿದುಕೊಂಡ ಫೋನನ್ನು ಅವನು ಎತ್ತಿರಲಿಲ್ಲ. ಒಳಗಿನಿಂದ ಬಂದ ಮನೆಯಾಕೆ ಹಿಂದೆ ನಿಂತಳು. ಅವನು ಬಾಗಿಲು ತೆಗೆದು ಥರ್ಮಾಮೀಟರ್ ನೋಡಿದ. ಹದಿನಾಲ್ಕು. ನಾಲ್ಕೈದು ಇರಬೇಕಾದಲ್ಲಿ ಹದಿನಾಲ್ಕು. ಏಳುವಾಗ ಆಸರೆಗೆಂದು ಮೇಲಿನ ಖಾನೆಗೆ ಕೈ ಹಾಕಿದ, ಬೆರಳಿನ ಹಿಂಭಾಗ ದೀಪಕ್ಕೆ ತಾಗಿತು. ಚುರ್ರೆಂದಿತು. "ಅಯ್ಯೋ" ಎಂದು ಕೈ ಎಳೆದುಕೊಂಡು, ಬೆರಳನ್ನು ಬಾಯಿಗೆ ಹಾಕಿಕೊಂಡು, ಹಾಗೇ ನಿಂತುಬಿಟ್ಟ. ಬಾಗಿಲು ತೆಗೆದು ಇನ್ನೂ ಅರ್ಧ ನಿಮಿಷವಾಗಿಲ್ಲ. ಈಗತಾನೇ ಹೊತ್ತಿಕೊಂಡ ದೀಪ ಹೀಗೆ ಸುಡುವುದಿಲ್ಲ. ಒಂದು ಗಂಟೆಯಿಂದ, ಬಾಗಿಲು ಮುಚ್ಚಿದ್ದಾಗಲೂ, ಒಳಗೆ ಒಂದೇ ಸಮನೆ ಉರಿಯುತ್ತಿದ್ದ ದೀಪ ಹೀಗೆ ಸುಡುತ್ತದೆ. ಒಂದು ಗಂಟೆಯಿಂದಲೇ? ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಹೆಬ್ಬೆರಳಿನ ಅರ್ಧದಷ್ಟು ಗಾತ್ರದ ಗುಂಡಿಯೊಂದಿದೆ. ಬಾಗಿಲು ಹಾಕಿದಾಗ ಅದು ಒತ್ತಿಕೊಳ್ಳುತ್ತದೆ, ದೀಪ ಆರುತ್ತದೆ, ಫ್ಯಾನು ತಿರುಗತೊಡಗುತ್ತದೆ. ಬಾಗಿಲು ಮುಚ್ಚಿದೆ ಎಂದು ಯಂತ್ರಕ್ಕೆ ತಿಳಿಯುವುದೇ ಆ ಗುಂಡಿಯಿಂದ. ಅವನು ಹೆಬ್ಬೆರಳಿನಿಂದ ಒತ್ತಿದ. ಟಕ್ ಎನ್ನಬೇಕಿತ್ತು, ಎನ್ನಲಿಲ್ಲ. ಗುಂಡಿ ಒಳಗೆ ಹೋಯಿತು, ದೀಪ ಆರಲಿಲ್ಲ, ಫ್ಯಾನು ತಿರುಗಲಿಲ್ಲ. ಬಿಟ್ಟ. ಮತ್ತೆ ಒತ್ತಿದ. ಒಳಗಿನ ತಂತಿಯ ನಾಲಗೆ ಸುಟ್ಟು ಅಂಟಿಕೊಂಡಿತ್ತು. ಎಷ್ಟು ಸಲ ಎಷ್ಟು ಗಟ್ಟಿಯಾಗಿ ಮುಚ್ಚಿದರೂ ಬಾಗಿಲು ತೆರೆದೇ ಇದೆ ಎಂದು ಈ ಫ್ರಿಜ್ಜು ತಿಂಗಳಿಂದ ನಂಬಿಕೊಂಡಿತ್ತು. ದೀಪ ಸರಿಯಿದೆ, ಫ್ಯಾನ್ ಸರಿಯಿದೆ. ತೆಗೆದು ನೋಡಿದವರಿಗೆಲ್ಲ ಎಲ್ಲವೂ ಸರಿಯಿತ್ತು. ಹೆಬ್ಬೆರಳಿನ ಒಂದು ಒತ್ತು. ಅವತ್ತು ಬೇಕಾಗಿದ್ದದ್ದು ಅಷ್ಟೇ.

"ಏನಾಯ್ತು? ಸಿಕ್ತಾ?" ಎಂದಳು ಮನೆಯಾಕೆ.

"ಬಾಗಿಲದ್ದು ಮೇಡಂ" ಎಂದವನು ತಡವರಿಸಿದ. "ಅಂದ್ರೆ, ಬಾಗಿಲದ್ದಲ್ಲ. ಬಾಗಿಲಿನ ಸ್ವಿಚ್ಚು. ಬಾಗಿಲು ಸರಿಯಾಗೇ ಮುಚ್ಚುತ್ತೆ. ಮುಚ್ಚಿದ್ದು ಇದಕ್ಕೆ ಗೊತ್ತಾಗ್ತಿರ್ಲಿಲ್ಲ."

"ಅಂದ್ರೆ ಅವಳು..." ಎಂದು ಆಕೆ ನಿಲ್ಲಿಸಿದಳು.

"ಅವರು ಮುಚ್ಚಿದ್ರೂ ಒಂದೇ, ಬಿಟ್ಟಿದ್ರೂ ಒಂದೇ ಆಗಿತ್ತು ಮೇಡಂ."

ಮುಚ್ಚಿದ್ದರು ಎಂದು ಹೇಳಬಹುದಿತ್ತು. ನಾನು ತಪ್ಪು ಬರೆದೆ ಎಂದೂ ಹೇಳಬಹುದಿತ್ತು. ಎರಡೂ ನಾಲಗೆಯ ತುದಿಗೆ ಬಂದು, ಯಾವುದು ಮೊದಲು ಎಂದು ಒಂದನ್ನೊಂದು ತಡೆದು ನಿಂತವು. ಅವನು ಚೀಲದಿಂದ ಹೊಸ ಸ್ವಿಚ್ಚು ತೆಗೆದ, ಹಳೆಯದನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೀಟಿ ಈಚೆ ಎಳೆದ, ಹೊಸದನ್ನು ಕೂರಿಸಿದ. ಐದು ನಿಮಿಷ ಹಿಡಿಯಲಿಲ್ಲ. ಒತ್ತಿದರೆ ಟಕ್ ಎಂದಿತು. ದೀಪ ಆರಿತು, ಒಳಗೆಲ್ಲೋ ಫ್ಯಾನು ಉಸಿರೆಳೆದುಕೊಂಡು ತಣ್ಣನೆಯ ಗಾಳಿ ಮುಂಗೈಗೆ ತಾಕಿತು. ಮನೆಯಾಕೆ ತಾನೂ ಕೈಯೊಡ್ಡಿ ನೋಡಿದಳು. ಅವಳ ಮುಖ ಸಡಿಲವಾಯಿತು, ಮತ್ತೆ ಬಿಗಿಯಾಯಿತು. "ಇಷ್ಟು ಚಿಕ್ಕದಾ?" ಎಂದಳು. ಯಾರನ್ನು ಕೇಳಿದಳೆಂದು ಗೊತ್ತಾಗಲಿಲ್ಲ. ಆಮೇಲೆ ಈವರೆಗೆ ಐಸ್ ಡಬ್ಬಿಯಲ್ಲಿಟ್ಟಿದ್ದ ಮಗುವಿನ ಹಾಲಿನ ಬಾಟಲಿಗಳನ್ನು ತಂದುಕೊಟ್ಟು ಅವನಿಂದ ಫ್ರಿಜ್ಜಿನಲ್ಲಿ ಇಡಿಸಿ, ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿ, "ಮೆಟ್ಟಿಲು ಆಯ್ತಾ? ಒಂಚೂರು ಮೇಲೆ ಬಾ, ಕೆಲಸ ಇದೆ" ಎಂದು ಕೂಗಿದಳು. ಹತ್ತೊಂಬತ್ತು ದಿನ ನಡುವೆ ಬಂದೇ ಇಲ್ಲವೆಂಬಂತೆ ಕೂಗಿದಳು.

ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಅವನು ಮೂಲೆಗೆ ತಿರುಗಿ, "ಸಿಕ್ತು ಸರ್. ಸ್ವಿಚ್ಚು ಅಂಟಿತ್ತು. ಎರಡನೇ ಕಾರಣ" ಎಂದ. "ಹಿಂದಿನ ಸಲ ಏನು ಬರ್ದಿದ್ದೆ?" ಎಂದರು ಸಾಹೇಬರು. "ಹನ್ನೊಂದು ಸರ್." "ಮಗು ಆಸ್ಪತ್ರೆಗೆ ಹೋಗಿದ್ದ ಮನೆ ತಾನೇ ಅದು? ತಲೆ ಇದೆಯಾ ನಿಂಗೆ? ಈಗ ಎರಡು ಅಂತ ಬರ್ದು ಕೊಟ್ರೆ ನಾಳೆ ಆ ಚೀಟಿ ಹಿಡ್ಕೊಂಡು ಅವರು ಎಲ್ಲಿಗೆ ಹೋಗ್ತಾರೆ ಗೊತ್ತಾ? ಹನ್ನೊಂದೇ ಹಾಕು. ಬಾಗಿಲು ಜೋರಾಗಿ ಬಡಿದು ಸ್ವಿಚ್ಚು ಹಾಳಾಗಿದೆ ಅಂತ ಬರಿ. ಯಾರೋ ಬಡಿದಿರ್ತಾರೆ." "ಸರ್, ಅದು ಬಡಿದದ್ದಲ್ಲ..." "ನೀನು ಅಲ್ಲಿದ್ಯಾ ನೋಡೋಕೆ? ಬರಿ, ಸಹಿ ಹಾಕಿಸ್ಕೋ, ಹೊರಡು." ಅವನು "ಸರಿ ಸರ್" ಎಂದ. ಎಂದದ್ದು ತನ್ನದೇ ದನಿ, ಯಾವಾಗಲೂ ಅನ್ನುವಂತೆಯೇ ಅಂದಿತು. ಚೀಟಿ ಪುಸ್ತಕವನ್ನು ಕಟ್ಟೆಯ ಮೇಲೆ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದ. ಫ್ರಿಜ್ಜಿನ ಬಾಗಿಲು ತೆರೆದೇ ಇತ್ತು. ತೆರೆದಿಟ್ಟವನು ತಾನೇ ಎಂಬುದು ಅವನ ಗಮನಕ್ಕೆ ಬರಲಿಲ್ಲ.

ಅವಳು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು, ಒರೆಸಿದಷ್ಟೂ ಒದ್ದೆ. "ಬಾ ಒಳಗೆ, ಹೊರಗಿನವಳ ಥರ ನಿಂತ್ಕೋಬೇಡ" ಎಂದಳು ಮನೆಯಾಕೆ. ಅವಳು ಎರಡು ಹೆಜ್ಜೆ ಬಂದು ಫ್ರಿಜ್ಜಿನ ಪಕ್ಕದಲ್ಲಿ ನಿಂತಳು. ನಿಂತದ್ದು ಅಲ್ಲೇ, ಹಿಂದೆ ಸೆಖೆಯಲ್ಲಿ ಒಂದು ಸಲ ನಿಂತಿದ್ದ ಜಾಗದಲ್ಲಿ. "ಅದೇನೋ ಸ್ವಿಚ್ಚಂತೆ ಕಣೆ. ಇವ್ರು ನೋಡಿದ್ರು, ಸರಿ ಮಾಡಿದ್ರು. ಆಗಿದ್ದು ಆಯ್ತು, ನೀನೂ ಮನಸಲ್ಲಿ ಇಟ್ಕೋಬೇಡ, ನಾನೂ ಇಟ್ಕೊಳ್ಳಲ್ಲ. ನಾಳೆಯಿಂದ ಬಾ. ಮಗು ನಿನ್ನನ್ನೇ ಹುಡುಕುತ್ತೆ."

"ಮಗು ಹುಷಾರಾಗಿದೆಯಾ ಅಮ್ಮ?"

"ಹುಷಾರಾಗಿದೆ. ಮಲಗಿದೆ."

ಅವಳು ತಲೆಯಾಡಿಸಿದಳು. ಆಮೇಲೆ ಅವನತ್ತ ತಿರುಗಿದಳು. "ಅಣ್ಣ, ಅವತ್ತು ಬರ್ದಿದ್ದು ನೀವೇ ಅಲ್ವಾ?" ಅವನು ಹೌದೆಂದು ತಲೆ ಅಲ್ಲಾಡಿಸಿದ. "ಅವತ್ತು ಏನು ಬರ್ದ್ರಿ ಅಂತ ನನಗೆ ಯಾರೂ ಓದಿ ಹೇಳ್ಲಿಲ್ಲ. ಅಮ್ಮ ಆ ಚೀಟಿ ತೋರ್ಸಿ, ನೋಡು ಬರ್ದಿದಾರೆ ಅಂದ್ರು. ಮಾರನೇ ದಿನ ಅದೇ ಚೀಟಿ ನೋಡಿ ಪಕ್ಕದ ಮನೆಯವರೂ ಕೆಲಸ ಬಿಡಿಸಿದ್ರು, ಮೂರನೇ ಅಂತಸ್ತಿನವರೂ ಬಿಡಿಸಿದ್ರು. ಮಗೂಗೆ ವಿಷ ಹಾಕಿದವಳು ಅಂತ ಕಾವಲಿನವನೂ ನನ್ನ ಚೀಲ ನೋಡ್ತಾನೆ. ಅದ್ರಲ್ಲಿ ಏನಿತ್ತು ಅಂತ ಒಂದ್ಸಲ ಓದಿ." ಪುಸ್ತಕದಲ್ಲಿ ಹಿಂದಿನ ಚೀಟಿಯ ನಕಲು ಇತ್ತು. ಅವನು ಹಾಳೆ ಮಗುಚಿದ. ಕಾರ್ಬನ್ನಿನ ನೀಲಿಯಲ್ಲಿ ಅಕ್ಷರಗಳು ಇನ್ನೂ ದುಂಡಗಿದ್ದವು. 'ಕೆಲಸದಾಕೆ ಬಾಗಿಲು ಸರಿಯಾಗಿ ಮುಚ್ಚದಿರುವುದು.' ಓದಿದ. ದನಿ ಯಾರದೋ ಎನಿಸಿತು. ನಲ್ಲಿಯ ಕೆಳಗೆ ಡಬ್ಬಿ ತುಂಬಿ ಹರಿಯುವ ಸದ್ದು ಎಲ್ಲಿಂದಲೋ ಬಂತು. ಸಿಂಕಿನ ನಲ್ಲಿ ಮುಚ್ಚಿಯೇ ಇತ್ತು.

"ಇವತ್ತು ಏನು ಬರೀತೀರಿ?"

ಪೆನ್ನು ಖಾಲಿ ಗೆರೆಯ ಮೇಲೆ ನಿಂತಿತ್ತು. ಅವನು ಸಾಹೇಬರ ಮಾತನ್ನು ಹೇಳಲೇ, ಬಚ್ಚಿಡಲೇ ಎಂದು ತಿಳಿಯದೆ, "ಬರೀಬೇಕು" ಎಂದ. ಅಷ್ಟೇ ಅಂದ.

"ಚೀಟಿ ಗೀಟಿ ಎಲ್ಲ ಯಾಕೀಗ?" ಎಂದಳು ಮನೆಯಾಕೆ. ದನಿಯಲ್ಲಿ ಹಳೆಯ ಬಿಸಿ ಮತ್ತೆ ಏರುತ್ತಿತ್ತು. "ಕರೆದು ಕೆಲಸ ಕೊಡ್ತಿದೀನಿ, ಸಾಲ್ದಾ? ಯಾರ ತಪ್ಪೂ ಇಲ್ಲ ಅಂದ್ಮೇಲೆ ಕೆದಕೋದು ಯಾಕೆ?" ಆಮೇಲೆ ಆಕೆಯ ಕಣ್ಣು ಫ್ರಿಜ್ಜಿನ ಮೇಲೆ ಬಿತ್ತು. ಹಳದಿ ಬೆಳಕು ಮೂವರ ಕಾಲ ಬುಡದವರೆಗೂ ಚೆಲ್ಲಿತ್ತು, ತಣ್ಣನೆಯ ಆವಿ ನೆಲದ ಮೇಲೆ ಹರಿದು ಅವಳ ಒದ್ದೆ ಪಾದಗಳನ್ನು ಸುತ್ತಿಕೊಳ್ಳುತ್ತಿತ್ತು. ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಇದ್ದವಳು ಅವಳೇ. "ಅಯ್ಯೋ, ಮಗುವಿನ ಹಾಲು ಇದೆ ಅದ್ರಲ್ಲಿ! ನೋಡ್ತಾ ನಿಂತಿದೀಯಲ್ಲ. ಮೊದ್ಲು ಆ ಬಾಗಿಲು ಮುಚ್ಚು."

ಅವಳು ಬಾಗಿಲನ್ನು ನೋಡಿದಳು. ಒಳಗೆ ಸಾಲಾಗಿ ನಿಂತ ಪುಟ್ಟ ಬಾಟಲಿಗಳನ್ನು ನೋಡಿದಳು. ಕೈ ತಾನಾಗಿಯೇ ಅರ್ಧ ಮೇಲೆದ್ದಿತು, ಅಷ್ಟು ದಿನದ ಅಭ್ಯಾಸ. ಎತ್ತಿದ ಕೈಯನ್ನು ಅವಳು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಬಾಟಲಿಗಳನ್ನು ಒಂದೊಂದಾಗಿ, ಐದನ್ನೂ, ತೆಗೆದು ಮನೆಯಾಕೆಯ ಕೈಗೆ ಕೊಟ್ಟಳು.

"ಹಾಲು ನೀವು ಹಿಡ್ಕೊಳ್ಳಿ ಅಮ್ಮ, ಮಗೂದು. ಅವರು ಬರೀಲಿ. ಬರ್ದು, ನನ್ನ ಮುಂದೆ ಓದ್ಲಿ. ಆಮೇಲೆ ಇದನ್ನ ಯಾರು ಬೇಕಾದ್ರೂ ಮುಚ್ಚಿ," ಎಂದಳು. "ನಾನು ಮುಚ್ಚಲ್ಲ."